ಮಡಿಕೇರಿಗೆ ತಿಂಗಳಿಗೆ ಎರಡು ದಿನ ಕೋರ್ಟು ಕಳಿಸಿ: ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರ. ಪತ್ರ ಉದ್ದವಿದೆ, ಬೇಡಿಕೆ ಚಿಕ್ಕದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಕೂರುವ ಕಾರ್ಮಿಕ ನ್ಯಾಯಾಲಯ ತಿಂಗಳಿಗೆ ಎರಡು ದಿನ ಮಡಿಕೇರಿಗೆ ಬಂದು ಕೂರಲಿ. ಕೊಡಗಿನ ಕೇಸುಗಳನ್ನು ಕೊಡಗಿನಲ್ಲೇ ಕೇಳಲಿ. ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ.

ನಾನು ಸಿದ್ದಾಪುರದ ಕಡೆ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇಟ್ಟುಕೊಂಡವಳು. ವಕೀಲೆ ಅಲ್ಲ, ಯಾವ ಸಂಘದ ಪದಾಧಿಕಾರಿಯೂ ಅಲ್ಲ. ಸಂತೆಯ ದಿನ ಅಂಗಡಿಗೆ ಬರುವವರಲ್ಲಿ ತೋಟದ ಕೆಲಸದವರೇ ಜಾಸ್ತಿ. ಆಧಾರ್ ಕಾರ್ಡಿನ ಝೆರಾಕ್ಸ್, ರೇಷನ್ ಕಾರ್ಡಿನ ತಿದ್ದುಪಡಿ, ಮಕ್ಕಳ ಜಾತಿ ಸರ್ಟಿಫಿಕೇಟು. ಇದರ ನಡುವೆ ಆಗಾಗ ಒಬ್ಬರು ಬರುತ್ತಾರೆ. ಬೇರೆ ಗಿರಾಕಿಗಳೆಲ್ಲ ಹೋಗಲಿ ಅಂತ ಒಂದು ಮೂಲೆಯಲ್ಲಿ ನಿಂತಿರುತ್ತಾರೆ. ಆಮೇಲೆ ಹತ್ತಿರ ಬಂದು, "ಅಕ್ಕಾ, ತೋಟದಿಂದ ತೆಗೆದುಬಿಟ್ಟರು. ಒಂದು ಅರ್ಜಿ ಬರೆದುಕೊಡ್ತೀರಾ?" ಅನ್ನುತ್ತಾರೆ.

ಬರೆದುಕೊಡುತ್ತೇನೆ. ಆ ಅರ್ಜಿ ಮುಂದೆ ಹೋಗುವ ದಾರಿಯನ್ನು ನಿಮ್ಮ ಅಧಿಕಾರಿಗಳು ಬಲ್ಲರು. ಆದರೂ ಕೆಳಗಿನಿಂದ ನೋಡಿದರೆ ಅದು ಹೇಗೆ ಕಾಣುತ್ತದೆ ಅಂತ ಹೇಳಬೇಕು.

ಮೊದಲು ಮಡಿಕೇರಿಯ ಕಾರ್ಮಿಕ ಅಧಿಕಾರಿಗಳ ಕಚೇರಿ. ಅಲ್ಲಿಯವರೆಗೆ ತೊಂದರೆ ಇಲ್ಲ. ದೂರು ತಗೊಳ್ಳುತ್ತಾರೆ, ಎರಡೂ ಕಡೆಯವರನ್ನು ಕರೆಸುತ್ತಾರೆ, ರಾಜಿ ಮಾಡಿಸಲು ನೋಡುತ್ತಾರೆ. ಇದೇ ಸಂಧಾನ. ತೋಟದ ಕಡೆಯವರು ಒಪ್ಪಿದರೆ ಅಲ್ಲಿಗೆ ಮುಗಿಯಿತು. ಒಪ್ಪದಿದ್ದರೆ? ಸಂಧಾನ ಮಾಡುವ ಅಧಿಕಾರಿ ಬುದ್ಧಿ ಹೇಳಬಹುದು, ಸಂಧಾನ ಮುರಿದುಬಿತ್ತು ಅಂತ ವರದಿ ಬರೆಯಬಹುದು. "ಇವಳನ್ನು ಕೆಲಸಕ್ಕೆ ವಾಪಸ್ ತಗೊಳ್ಳಿ" ಅಂತ ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಅದು ಇರುವುದು ನ್ಯಾಯಾಲಯಕ್ಕೆ. ಆ ನ್ಯಾಯಾಲಯ ಮೈಸೂರಿನಲ್ಲಿದೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ನಮ್ಮ ಜಿಲ್ಲೆಗೆ ರೈಲಿಲ್ಲ ಅಂತ ನಿಮಗೂ ಗೊತ್ತು.

ಈ 120 ಕಿಲೋಮೀಟರ್ ಮಡಿಕೇರಿ ಬಸ್ ಸ್ಟ್ಯಾಂಡಿನಿಂದ ಲೆಕ್ಕ. ತೋಟದೊಳಗಿನ ಲೈನ್ ಮನೆಯಿಂದ, ಅಂದರೆ ಕೆಲಸಗಾರರ ಸಾಲು ಮನೆಯಿಂದ, ಲೆಕ್ಕ ಹಾಕಿದರೆ ಬೇರೆಯೇ. ಭಾಗಮಂಡಲದ ಕಡೆಯವರು ಮೊದಲು ಮಡಿಕೇರಿಗೆ ಬರಬೇಕು. ಕುಟ್ಟ, ಶ್ರೀಮಂಗಲದ ಕಡೆಯವರು ಗೋಣಿಕೊಪ್ಪಕ್ಕೆ ಬಂದು ಹುಣಸೂರಿನ ಮೇಲೆ ಹೋಗಬೇಕು. ಬೆಳಿಗ್ಗೆ 11 ಗಂಟೆಗೆ ಕೋರ್ಟಿನಲ್ಲಿ ಹೆಸರು ಕೂಗಿದಾಗ ಇರಬೇಕಾದರೆ ಕತ್ತಲಲ್ಲೇ ತೋಟದ ರಸ್ತೆಯಲ್ಲಿ ನಡೆದು ಮುಖ್ಯ ರಸ್ತೆಗೆ ಬರಬೇಕು. ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿಯ ಸುತ್ತ ಆನೆ ಇರುವ ತೋಟಗಳಲ್ಲಿ ಆ ಹೊತ್ತಿಗೆ ಯಾರೂ ಒಬ್ಬರೇ ಓಡಾಡುವುದಿಲ್ಲ. ಹಾಗಾಗಿ ಜೊತೆಗೆ ಇನ್ನೊಬ್ಬರು ಬರಬೇಕು. ಒಂದು ವಾಯಿದೆಗೆ ಎರಡು ಹಾಜರಿ, ಅಂದರೆ ಇಬ್ಬರ ದಿನದ ಕೂಲಿ, ಹೋಯಿತು.

ಅಷ್ಟು ದೂರ ಹೋದ ಮೇಲೆ ಎದುರು ಪಕ್ಷದವರು ಸಮಯ ಕೇಳುತ್ತಾರೆ. ಅಥವಾ ಆವತ್ತು ನ್ಯಾಯಾಧೀಶರು ರಜೆ. ಮುಂದಿನ ತಿಂಗಳ ಯಾವುದೋ ಒಂದು ತಾರೀಖನ್ನು ಚೀಟಿಯಲ್ಲಿ ಬರೆಸಿಕೊಂಡು ವಾಪಸ್ ಬಸ್ ಹತ್ತಬೇಕು. ಇದು ಯಾರ ದುರುದ್ದೇಶವೂ ಅಲ್ಲ, ಕೋರ್ಟುಗಳು ನಡೆಯುವುದೇ ಹೀಗೆ. ಆದರೆ ಮೈಸೂರಿನ ಕಾರ್ಖಾನೆಯ ಕೆಲಸಗಾರನಿಗೆ ವಾಯಿದೆ ಮುಂದೆ ಹೋದರೆ ಅರ್ಧ ದಿನ ನಷ್ಟ. ನಮ್ಮವರಿಗೆ ಒಂದು ರಾತ್ರಿಯ ನಿದ್ದೆ, ಒಂದು ಹಗಲು, ಇಬ್ಬರ ಕೂಲಿ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಚಾರ್ಜ್ ಇಲ್ಲ, ನಿಜ. ಆ ಉಪಕಾರ ಮರೆಯುವುದಿಲ್ಲ. ಆದರೆ ಕೊಡಗಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಪ್ರೈವೇಟ್ ಬಸ್. ಮತ್ತೆ, ಹೋದ ಹಾಜರಿಯನ್ನು ಯಾವ ಬಸ್ಸೂ ವಾಪಸ್ ತರುವುದಿಲ್ಲ ಅಲ್ವಾ?

ಹೀಗೆ ಎರಡು ಮೂರು ವಾಯಿದೆ ಆದ ಮೇಲೆ ಜನ ಹೋಗುವುದನ್ನು ಬಿಡುತ್ತಾರೆ. ದಾಖಲೆಯಲ್ಲಿ 'ಅರ್ಜಿದಾರರು ಗೈರುಹಾಜರು' ಅಂತ ಬರುತ್ತದೆ. ಅದನ್ನು ಓದಿದವರಿಗೆ ಆಕೆಗೆ ಆಸಕ್ತಿ ಇಲ್ಲ ಅನ್ನಿಸುತ್ತದೆ.

ಇಲ್ಲಿ ಒಂದು ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನನ್ನ ಬೇಡಿಕೆಯ ಬೇರು ಇಲ್ಲಿದೆ. ದೂರದ ಕೋರ್ಟಿನಿಂದ ಹಾಳಾಗುವುದು ಕೋರ್ಟಿನ ಕೆಲಸ ಮಾತ್ರ ಅಲ್ಲ. ಮಡಿಕೇರಿಯ ಸಂಧಾನವೂ ಹಾಳಾಗುತ್ತದೆ. ಸಂಧಾನದ ಮೇಜಿನ ಎದುರು ಕೂತ ಮ್ಯಾನೇಜರ್‌ಗೆ ಗೊತ್ತಿರುತ್ತದೆ, ಈ ಹೆಂಗಸು ಮೈಸೂರಿಗೆ ಹೋಗುವುದಿಲ್ಲ, ಹೋದರೂ ಬಹಳ ದಿನ ಹೋಗುವುದಿಲ್ಲ ಅಂತ. ಅದು ಗೊತ್ತಿದ್ದ ಮೇಲೆ ಅವರು ಯಾಕೆ ಒಪ್ಪಬೇಕು? "ಐದು ಸಾವಿರ ಕೊಡ್ತೀವಿ, ಸಹಿ ಹಾಕು" ಅನ್ನುತ್ತಾರೆ. ಆಕೆ ಸಹಿ ಹಾಕುತ್ತಾಳೆ. ಕಡತದಲ್ಲಿ ಅದು 'ರಾಜಿಯಾದ ಪ್ರಕರಣ'. ನಿಮ್ಮ ಇಲಾಖೆಯ ವರದಿಯಲ್ಲಿ ಬಹುಶಃ ಒಂದು ಯಶಸ್ಸು. ಅದೇ ಕೋರ್ಟು ಮುಂದಿನ ವಾರ ಇದೇ ಊರಿಗೆ ಬರುತ್ತದೆ ಅಂತಾದರೆ ಆ ಮೇಜಿನ ಮೇಲಿನ ಮಾತೇ ಬೇರೆ ಆಗುತ್ತದೆ. ಮಡಿಕೇರಿಗೆ ಕೋರ್ಟು ಬಂದರೆ ಕೇಸು ಹೆಚ್ಚಾಗುತ್ತದೆ ಅಂತ ಹೆದರುವವರಿದ್ದಾರೆ. ನನಗನ್ನಿಸುವುದು, ಹೆಚ್ಚಿನ ಕೇಸುಗಳು ಕೋರ್ಟಿನ ಬಾಗಿಲಿಗೆ ಹೋಗುವ ಮೊದಲೇ ಮುಗಿಯುತ್ತವೆ, ಅದೂ ಮರ್ಯಾದೆಯಿಂದ.

ಒಂದು ಹಳೆಯ ವಿಷಯ. ಕೊಡಗಿನಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಶುರುವಾಗಿದ್ದು 1854ರಲ್ಲಿ, ಮಡಿಕೇರಿಯ ಹತ್ತಿರ, ಫೌಲರ್ ಎಂಬ ಸಾಹೇಬನದು. ಐದೇ ವರ್ಷದಲ್ಲಿ, 1859ರಲ್ಲಿ, ಬ್ರಿಟಿಷ್ ಸರ್ಕಾರ ಒಂದು ಕಾಯ್ದೆ ತಂದಿತು. ಮುಂಗಡ ತಗೊಂಡ ಕೆಲಸಗಾರ ಕೆಲಸ ಬಿಟ್ಟರೆ ಮಾಲೀಕ ಮ್ಯಾಜಿಸ್ಟ್ರೇಟ್ ಬಳಿ ದೂರು ಕೊಡಬಹುದು. ಮ್ಯಾಜಿಸ್ಟ್ರೇಟ್ 'ದುಡ್ಡು ವಾಪಸ್ ಕೊಡು, ಇಲ್ಲವೇ ಕೆಲಸ ಮಾಡು' ಅಂತ ಆದೇಶ ಮಾಡಬಹುದು. ಕೇಳದಿದ್ದರೆ ಮೂರು ತಿಂಗಳವರೆಗೆ ಜೈಲು. ಮಾಲೀಕ ಮಾತು ತಪ್ಪಿದರೆ ಅವನಿಗೆ ಜೈಲಿನ ಮಾತೇ ಇಲ್ಲ. ದಕ್ಷಿಣದ ತೋಟಗಳ ಸಾಹೇಬರಿಗೆ ಈ ಕಾಯ್ದೆ ಬಹಳ ಪ್ರಿಯವಾಗಿತ್ತು. ಅದು ರದ್ದಾಗಿದ್ದು 1926ರಲ್ಲಿ. ಅಂದರೆ ಸುಮಾರು 67 ವರ್ಷ ಕೆಲಸಗಾರನನ್ನು ಹಿಡಿದು ತರುವುದಕ್ಕೆ ಕಾನೂನು ಪಕ್ಕದ ಊರಿನಲ್ಲೇ ಸಿಗುತ್ತಿತ್ತು. ಈಗ ಕೆಲಸಗಾರನೇ ಕಾನೂನನ್ನು ಹುಡುಕಿಕೊಂಡು ಹೊರಟರೆ ಎರಡು ಬಸ್ ಬದಲಿಸಬೇಕು.

ಆ ಸಾಹೇಬರ ದೇಶದಲ್ಲೇ ಈಚೆಗೆ ಆದ ಒಂದು ಘಟನೆಯನ್ನೂ ನಿಮ್ಮ ಗಮನಕ್ಕೆ ತರುತ್ತೇನೆ. ಬ್ರಿಟನ್ನಿನಲ್ಲಿ ಕೆಲಸಕ್ಕೆ ಸಂಬಂಧಿಸಿದ ದೂರುಗಳನ್ನು ಕೇಳಲು ಎಂಪ್ಲಾಯ್‌ಮೆಂಟ್ ಟ್ರಿಬ್ಯುನಲ್ ಅಂತ ಪ್ರತ್ಯೇಕ ನ್ಯಾಯಮಂಡಳಿಗಳಿವೆ. 2013ರವರೆಗೆ ಅಲ್ಲಿ ದೂರು ಕೊಡಲು ಶುಲ್ಕ ಇರಲಿಲ್ಲ. ಆ ವರ್ಷ ಸರ್ಕಾರ ಶುಲ್ಕ ಹಾಕಿತು. ಅನ್ಯಾಯವಾಗಿ ಕೆಲಸದಿಂದ ತೆಗೆದರು ಅಂತ ದೂರಬೇಕಾದರೆ, ವಿಚಾರಣೆಯವರೆಗೆ ಒಟ್ಟು 1,200 ಪೌಂಡ್ ಕಟ್ಟಬೇಕು. ದೂರುಗಳು ಸುಮಾರು ಮೂರರಲ್ಲಿ ಎರಡು ಭಾಗ ಇಳಿದುಹೋದವು. ಅಲ್ಲಿನ ಮಾಲೀಕರೆಲ್ಲ ರಾತ್ರೋರಾತ್ರಿ ಒಳ್ಳೆಯವರಾದರು ಅಂತ ಯಾರಾದರೂ ನಂಬುತ್ತಾರಾ? ಯೂನಿಸನ್ ಎಂಬ ಕಾರ್ಮಿಕ ಸಂಘ ಕೋರ್ಟಿಗೆ ಹೋಯಿತು. 2017ರ ಜುಲೈನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಆ ಶುಲ್ಕವನ್ನು ಕಾನೂನುಬಾಹಿರ ಅಂದರು. ಕೋರ್ಟಿಗೆ ಹೋಗಲಾಗದಂತೆ ಮಾಡಿದರೆ ಸಂಸತ್ತು ಕೊಟ್ಟ ಹಕ್ಕಿಗೆ ಅರ್ಥವೇ ಇಲ್ಲ ಅನ್ನುವುದು ತೀರ್ಪಿನ ತಿರುಳು.

ನಮ್ಮಲ್ಲಿ ಅಂಥ ಶುಲ್ಕ ಇಲ್ಲ. ದೂರವೇ ಶುಲ್ಕ. ವ್ಯತ್ಯಾಸ ಇಷ್ಟೇ, ಆ ಶುಲ್ಕ ಸರ್ಕಾರದ ಆದೇಶದಲ್ಲಿ ಬರೆದಿತ್ತು, ಆದ್ದರಿಂದ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಆಯಿತು. ನಮ್ಮದು ಎಲ್ಲೂ ಬರೆದಿಲ್ಲ.

ಈಗ ಕಾಗದದ ವಿಚಾರ. ನನ್ನ ಅಂಗಡಿಯ ಕೆಲಸವೇ ಕಾಗದದ್ದು, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಒಬ್ಬರನ್ನು ಕೆಲಸದಿಂದ ತೆಗೆದರೆ, ಅವರು ಹಿಂದಿನ 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಕಾನೂನಿನ ರಕ್ಷಣೆ ಸಿಗುತ್ತದೆ. ಒಂದು ತಿಂಗಳ ನೋಟಿಸ್, ಇಲ್ಲವೇ ಅದರ ಸಂಬಳ. ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ವೇತನದಂತೆ ಪರಿಹಾರ. ಹಳೇ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇದಿತ್ತು, ಅದರ ಬದಲು ಈಚೆಗೆ ಬಂದ ಕೇಂದ್ರದ ಹೊಸ ಸಂಹಿತೆಯಲ್ಲೂ ಇದೆ. ಪ್ರಶ್ನೆ ಏನೆಂದರೆ, 240 ದಿನ ಅಂತ ತೋರಿಸುವುದು ಹೇಗೆ?

ಹಾಜರಿ ಇರುವುದು ಚೆಕ್‌ರೋಲಿನಲ್ಲಿ, ಅಂದರೆ ತೋಟದ ಹಾಜರಿ ಪುಸ್ತಕದಲ್ಲಿ. ಚೆಕ್‌ರೋಲ್ ಇರುವುದು ತೋಟದ ಲೆಕ್ಕ ಬರೆಯುವ ರೈಟರ ಮೇಜಿನಲ್ಲಿ. ದೊಡ್ಡ ಕಂಪನಿ ತೋಟಗಳಲ್ಲಿ ಸಂಬಳದ ಚೀಟಿ, ಪಿಎಫ್ ನಂಬರ್ ಎಲ್ಲ ಇರುತ್ತದೆ. ಅವರ ಕೇಸು ಗಟ್ಟಿ. ಮಧ್ಯಮ ತೋಟಗಳಲ್ಲಿ ಮೇಸ್ತ್ರಿಯ ನೋಟ್ ಪುಸ್ತಕವೇ ಎಲ್ಲ. ಕುಯ್ಲಿನ ಸಮಯದಲ್ಲಂತೂ ಕಾಫಿ ಕುಯ್ದದ್ದು ಕೆಜಿ ಲೆಕ್ಕ. ಗಂಡ, ಹೆಂಡತಿ, ಅತ್ತೆ ಮೂವರೂ ಕುಯ್ದು ಒಂದೇ ಚೀಲಕ್ಕೆ ತುಂಬುತ್ತಾರೆ. ಸಂಜೆ ತೂಕ ಹಾಕುವಾಗ ಬರೆಯುವುದು ಗಂಡನ ಹೆಸರು. ಹತ್ತಿಪ್ಪತ್ತು ವರ್ಷ ಆ ತೋಟದಲ್ಲಿ ಬೆನ್ನು ಬಗ್ಗಿಸಿದ ಹೆಂಗಸು ಗ್ರಾಚ್ಯುಟಿ ಕೇಳಲು ಹೋದರೆ, ಕುಯ್ಲಿನ ತಿಂಗಳುಗಳಲ್ಲಿ ಆಕೆ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಉಳಿದ ತಿಂಗಳ ಕಳೆ ಕೆಲಸ, ಗೊಬ್ಬರದ ಕೆಲಸದ ಹಾಜರಿ ಅಷ್ಟೇ ಲೆಕ್ಕಕ್ಕೆ ಸಿಗುತ್ತದೆ. 240 ದಿನ ತುಂಬುವುದಿಲ್ಲ.

ಸುಪ್ರೀಂ ಕೋರ್ಟಿಗೆ ಇದು ಗೊತ್ತಿಲ್ಲದ್ದಲ್ಲ. 2005ರಲ್ಲಿ ನಮ್ಮದೇ ರಾಜ್ಯದಿಂದ ಹೋದ ಯಲ್ಲಟ್ಟಿ ಎಂಬ ದಿನಗೂಲಿ ನೌಕರರ ಕೇಸಿನಲ್ಲಿ ಅದು ಈ ಮಾತನ್ನೇ ಹೇಳಿತು. 240 ದಿನ ದುಡಿದಿದ್ದೇನೆ ಅಂತ ತೋರಿಸುವ ಹೊಣೆ ಮೊದಲು ಕೆಲಸಗಾರನದು. ಬರೀ ಅಫಿಡವಿಟ್ ಸಾಲದು, ಸಾಕ್ಷಿ ಕಟ್ಟೆಗೆ ಬಂದು ಹೇಳಬೇಕು. ಆದರೆ ದಿನಗೂಲಿಯವರ ಹತ್ತಿರ ನೇಮಕದ ಪತ್ರವೂ ಇರುವುದಿಲ್ಲ, ರಸೀದಿಯೂ ಇರುವುದಿಲ್ಲ. ಆದ್ದರಿಂದ ಅವರು ಹಾಜರಿ ಪುಸ್ತಕ ತರಿಸಿ ಅಂತ ಕೋರ್ಟಿನಲ್ಲಿ ಕೇಳಬಹುದು. ಒಳ್ಳೆಯ ಮಾತು. ಆದರೆ ಗಮನಿಸಿ, ಸಾಕ್ಷಿ ಹೇಳಲು ಆಕೆ ಕೋರ್ಟಿನಲ್ಲಿ ಖುದ್ದಾಗಿ ನಿಂತಿರಬೇಕು. ಪುಸ್ತಕ ತರಿಸಿ ಅಂತ ಕೇಳಬೇಕಾದ್ದೂ ಅದೇ ಕೋರ್ಟಿನಲ್ಲಿ. ಆಕೆಯ ಪರವಾಗಿ "ಹೌದು, ಇವಳು ನಮ್ಮ ಜೊತೆ ಕೆಲಸ ಮಾಡಿದಳು" ಅನ್ನಬೇಕಾದ ಇಬ್ಬರು ಹೆಂಗಸರೂ ಬರಬೇಕು. ಅವರು ಇನ್ನೂ ಅದೇ ತೋಟದಲ್ಲಿ ಇರುವವರು. ಮೈಸೂರಿಗೆ ಹೋಗಲು ರಜೆ ಕೇಳಿದ ಕೂಡಲೇ ವಿಷಯ ಬಂಗಲೆಗೆ, ಅಂದರೆ ತೋಟದ ಮಾಲೀಕರಿಗೆ, ಗೊತ್ತಾಗುತ್ತದೆ. ಮಡಿಕೇರಿ ಆದರೆ ಆಸ್ಪತ್ರೆಗೋ ಬ್ಯಾಂಕಿಗೋ ಹೋದಂತೆ ಹೋಗಿ ಬರಬಹುದು.

ಇನ್ನು ಲೈನ್ ಮನೆ. ಕೊಡಗಿನ ಹೊರಗಿನ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತೋಟದ ಕೆಲಸಗಾರರು ಇರುವುದು ತೋಟದ್ದೇ ಸಾಲು ಮನೆಗಳಲ್ಲಿ. ಕೆಲಸ ಹೋದರೆ ಮನೆಯೂ ಹೋಯಿತು. ಮನೆ ಹೋದರೆ ರೇಷನ್ ಕಾರ್ಡಿನ ವಿಳಾಸ ಹೋಯಿತು, ಮಕ್ಕಳ ಶಾಲೆ ಹೋಯಿತು. ಪಟ್ಟಣದ ನೌಕರನಿಗೆ ಕೆಲಸ ಹೋದರೂ ಬಾಡಿಗೆ ಮನೆಯಲ್ಲಿ ಕೂತು ಒಂದು ವರ್ಷ ಕೇಸು ನಡೆಸಬಹುದು. ಇವರಿಗೆ ಕೇಸು ನಡೆಸಲು ಕೂರುವ ಜಾಗವೇ ಇಲ್ಲ. ಕೋರ್ಟಿನ ನೋಟಿಸು ಹಳೇ ವಿಳಾಸಕ್ಕೆ, ಅಂದರೆ ಎದುರು ಪಕ್ಷದ ಕಾಂಪೌಂಡಿನೊಳಕ್ಕೇ ಹೋಗುತ್ತದೆ!

ನಮ್ಮ ಜಿಲ್ಲೆಯ ದಿಡ್ಡಳ್ಳಿ ನಿಮಗೆ ನೆನಪಿರಬೇಕು. 2016ರ ಡಿಸೆಂಬರಿನಲ್ಲಿ ಅರಣ್ಯ ಇಲಾಖೆ ಅಲ್ಲಿನ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿತು. ಐನೂರಕ್ಕೂ ಹೆಚ್ಚು ಕುಟುಂಬಗಳು ಬಯಲಿಗೆ ಬಿದ್ದವು. ಆಗ ಇಡೀ ರಾಜ್ಯ ಕೇಳಿದ ಪ್ರಶ್ನೆ, ಇವರು ಕಾಡಿಗೆ ಯಾಕೆ ಬಂದರು ಅಂತ. ಅವರಲ್ಲಿ ಬಹಳ ಜನ ಬಂದದ್ದು ಲೈನ್ ಮನೆಗಳಿಂದ. ಯರವರು, ಪಣಿಯರು, ಜೇನುಕುರುಬರು, ಬೆಟ್ಟಕುರುಬರು. ತಲೆಮಾರಿನಿಂದ ತೋಟದ ಕೆಲಸ ಮಾಡಿದರೂ ತಮ್ಮದು ಅನ್ನಲು ಒಂದು ಸೂರು ಇರಲಿಲ್ಲ. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕಟ್ಟಿಕೊಡಲಾಯಿತು. ಅದನ್ನು ನಿವೇಶನದ ಸಮಸ್ಯೆ ಅಂತ ನೋಡಿದೆವು. ಅದು ಕೆಲಸದ ಸಮಸ್ಯೆಯೂ ಆಗಿತ್ತು. ಮುಂಗಡದ ಸಾಲ, ತೀರದ ಲೆಕ್ಕ, ಬಿಟ್ಟು ಹೋಗಲೂ ಆಗದ ಸ್ಥಿತಿ. ಜೀತ ಪದ್ಧತಿ ನಿರ್ಮೂಲನೆ ಕಾಯ್ದೆ 1976ರದು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಅಂತ ಸುಪ್ರೀಂ ಕೋರ್ಟು ಏಷ್ಯಾಡ್ (ದೆಹಲಿಯ ಏಷ್ಯನ್ ಕ್ರೀಡಾಕೂಟ) ಕಟ್ಟಡ ಕೆಲಸಗಾರರ ಕೇಸಿನಲ್ಲಿ ಹೇಳಿದ್ದು 1982ರಲ್ಲಿ. ಕಾನೂನಿಗೆ ನಮ್ಮಲ್ಲಿ ಬರ ಇಲ್ಲ.

ಈಗ ಯಾಕೆ ಈ ಪತ್ರ ಅಂದರೆ, ಸಮಯ ಒದಗಿ ಬಂದಿದೆ. ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. 29 ಹಳೇ ಕಾಯ್ದೆಗಳು ಅವುಗಳೊಳಗೆ ಸೇರಿದವು, 1951ರ ತೋಟ ಕಾರ್ಮಿಕರ ಕಾಯ್ದೆಯೂ ಸೇರಿ. ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಇನ್ನು ಮುಂದೆ ಕಾರ್ಮಿಕ ನ್ಯಾಯಾಲಯ ಅಂತ ಬೇರೆ ಇರುವುದಿಲ್ಲ. ಅದರ ಬದಲು ಕೈಗಾರಿಕಾ ನ್ಯಾಯಮಂಡಳಿ. ಅದರಲ್ಲಿ ಒಬ್ಬರು ನ್ಯಾಯಾಂಗದ ಸದಸ್ಯರು, ಒಬ್ಬರು ಆಡಳಿತದ ಸದಸ್ಯರು. ಕೆಲಸದಿಂದ ತೆಗೆದ ಕೇಸನ್ನು ಇಬ್ಬರೂ ಸೇರಿ ಕೇಳಬೇಕು. ಹೊಸ ಮಂಡಳಿ ರಚನೆಯಾಗುವವರೆಗೆ ಹಳೇ ಕೋರ್ಟುಗಳು ಕೆಲಸ ಮಾಡುತ್ತವೆ. ನಮ್ಮಂಥ ಕೇಸುಗಳಿಗೆ ಮಂಡಳಿ ಎಷ್ಟಿರಬೇಕು, ಎಲ್ಲಿ ಕೂರಬೇಕು ಅನ್ನುವುದು ರಾಜ್ಯ ಸರ್ಕಾರದ ಕೈಯಲ್ಲಿದೆ. ಅಂದರೆ ನಿಮ್ಮ ಕೈಯಲ್ಲಿ.

ಈ ಸಂಹಿತೆಗಳ ಬಗ್ಗೆ ನನಗೆ ಎರಡು ಮನಸ್ಸಿದೆ. ಒಳ್ಳೆಯದೂ ಇದೆ. ಎಲ್ಲರಿಗೂ ನೇಮಕದ ಪತ್ರ ಕೊಡಬೇಕು ಅಂತ ಬರೆದಿದ್ದಾರೆ. ಅದೊಂದು ನಿಜವಾಗಿ ನಡೆದರೆ ನನ್ನ ಅಂಗಡಿಯ ಅರ್ಧ ಅರ್ಜಿ ಕಡಿಮೆಯಾಗುತ್ತದೆ, ಆಗಲಿ ಬಿಡಿ. ಕೂಲಿ ಕೊಟ್ಟಿಲ್ಲ ಅನ್ನುವ ತಕರಾರಿನಲ್ಲಿ ಕೊಟ್ಟಿದ್ದೇವೆ ಅಂತ ತೋರಿಸುವ ಹೊಣೆ ಮಾಲೀಕರದು ಅಂದಿದ್ದಾರೆ. 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು ಅಂದಿದ್ದಾರೆ. ಆದರೆ ಸಮಯದ ಗೆರೆ ಬಿಗಿಯಾಗಿದೆ. ಕೆಲಸದಿಂದ ತೆಗೆದ ಮೇಲೆ ನೇರವಾಗಿ ಅರ್ಜಿ ಹಾಕಲು ಮೊದಲು ಕೇಂದ್ರದ ಕಾಯ್ದೆಯಲ್ಲಿ ಮೂರು ವರ್ಷ ಇತ್ತು. ಈಗ ಎರಡು. ಸಂಧಾನಕ್ಕೆ ಅರ್ಜಿ ಕೊಟ್ಟು 45 ದಿನ ಆದ ಮೇಲೆ ಮಂಡಳಿಗೆ ಹೋಗಬಹುದು. ಲೈನ್ ಮನೆ ಬಿಟ್ಟು, ಇನ್ನೊಂದು ತೋಟ ಹುಡುಕಿ, ಮಕ್ಕಳನ್ನು ಇನ್ನೊಂದು ಶಾಲೆಗೆ ಸೇರಿಸಿ ತಲೆ ಎತ್ತುವಷ್ಟರಲ್ಲಿ ಎರಡು ವರ್ಷ ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ.

ತೋಟದ ಗಾತ್ರದ ವಿಷಯವನ್ನೂ ಹೇಳಿಬಿಡುತ್ತೇನೆ. ಮನೆ, ಕುಡಿಯುವ ನೀರು, ಶಿಶುವಿಹಾರ, ಔಷಧ ಇವೆಲ್ಲ ಕೊಡಬೇಕು ಅನ್ನುವ ನಿಯಮ ಐದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ತೋಟಗಳಿಗೆ ಮಾತ್ರ. ನಮ್ಮ ಲೆಕ್ಕದಲ್ಲಿ ಹನ್ನೆರಡೂವರೆ ಎಕರೆಗೆ ಸ್ವಲ್ಪ ಕಡಿಮೆ. ಕೊಡಗಿನ ಬೆಳೆಗಾರರಲ್ಲಿ ಹೆಚ್ಚಿನವರು ಸಣ್ಣವರು. ಆ ತೋಟಗಳ ಆಳುಗಳು ಈ ನಿಯಮದ ಹೊರಗೆ. ಅವರಿಗೆ ಉಳಿಯುವುದು ಕೂಲಿಯ ಕಾನೂನು ಮತ್ತು ಕೆಲಸದಿಂದ ತೆಗೆಯುವುದರ ವಿರುದ್ಧದ ಕಾನೂನು. ಅಂದರೆ ಕೆಲಸ ಹೋದರೆ ಉಳಿದ ಒಂದೇ ಬಾಗಿಲು ಆ ಕೋರ್ಟಿನದು.

ನಮ್ಮ ಬೆಳೆಗಾರರು ಇದನ್ನು ಓದಿ ಸಿಟ್ಟಾಗಬಾರದು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆ ಇದು, ಅವರ ಕಷ್ಟವೂ ನನಗೆ ಗೊತ್ತು. ಕಾಫಿ ಹೂ ಬಿಡಲು ಬೇಕಾದ ಹೊತ್ತಿಗೆ ಮಳೆ ಬರುವುದಿಲ್ಲ, ಬಂದರೆ ಕುಯ್ಲಿನ ಹೊತ್ತಿಗೆ ಬರುತ್ತದೆ. ಮುಂಗಡ ತಗೊಂಡು ಹೊರ ರಾಜ್ಯದಿಂದ ಬಂದ ತಂಡ ಒಂದು ಬೆಳಿಗ್ಗೆ ಹೇಳದೆ ಕೇಳದೆ ಮಾಯವಾಗುತ್ತದೆ. ಮರ ಕಪಾತಿಗೆ, ಅಂದರೆ ಕೊಂಬೆ ಕಡಿಯಲು, ಜನ ಸಿಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದಿಂದ ಇದ್ದ ಕೆಲಸದವರನ್ನು ಮನೆಯವರಂತೆಯೇ ನೋಡಿಕೊಂಡಿದ್ದಾರೆ. ಅಂಥವರಿಗೆ ಹತ್ತಿರದ ಕೋರ್ಟಿನಿಂದ ನಷ್ಟ ಏನು? ಸುಳ್ಳು ಕೇಸು ಹಾಕಿದರೆ ಅದೂ ಬೇಗ ಬಿದ್ದುಹೋಗುತ್ತದೆ. ಹತ್ತು ಎಕರೆಯ ಬೆಳೆಗಾರನಿಗೂ ಮೈಸೂರಿಗೆ ಹೋಗಿ ವಕೀಲರ ಫೀಸು ಕಟ್ಟುವುದು ಸುಲಭ ಅಲ್ಲ. ದೂರದ ಕೋರ್ಟಿನಿಂದ ಲಾಭ ಆಗುವುದು ಒಬ್ಬರಿಗೇ, ಕೊಡಬೇಕಾದ್ದನ್ನು ಕೊಡದವರಿಗೆ.

ನಿಮ್ಮ ಇಲಾಖೆಯವರು ಹೇಳಬಹುದಾದ ಮಾತುಗಳನ್ನೂ ಊಹಿಸಬಲ್ಲೆ.

ವಿಡಿಯೊ ಕಾನ್ಫರೆನ್ಸ್ ಇದೆಯಲ್ಲ ಅನ್ನುತ್ತೀರಿ. ಕೋರ್ಟಿನಲ್ಲಿ ವಕೀಲರು ವಾದ ಮಾಡಲು, ವಾಯಿದೆ ತಗೊಳ್ಳಲು ಅದು ಸಾಕು. ದಯವಿಟ್ಟು ಅದನ್ನೂ ಮಾಡಿ. ಆದರೆ ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ಸತ್ತರೆ ನಮ್ಮಲ್ಲಿ ಫೋನ್ ಮಾಡುವುದೇ ಕಷ್ಟ. ಅದಕ್ಕಿಂತ ಮುಖ್ಯ, ಸಾಕ್ಷಿ ಹೇಳುವುದು. ಯರವ ಭಾಷೆ ಮಾತಾಡುವ ಹೆಂಗಸು, ಕನ್ನಡದಲ್ಲಿ ತಡವರಿಸುವವಳು, ಫೋನಿನ ಸಣ್ಣ ಪರದೆಯಲ್ಲಿ ಕಾಣುವ ಕಪ್ಪು ಕೋಟಿನವರಿಗೆ ತನ್ನ ಕಥೆ ಹೇಳಬೇಕು ಅಂದರೆ ಅದು ನಡೆಯುವ ಮಾತಲ್ಲ. ಅಸ್ಸಾಂ, ಬಂಗಾಳ, ಜಾರ್ಖಂಡಿನಿಂದ ಬಂದವರದು ಇನ್ನೊಂದು ಕಥೆ. ಮಡಿಕೇರಿಯಲ್ಲಾದರೆ ಆ ಭಾಷೆ ಬಲ್ಲ ಒಬ್ಬರನ್ನು ಕರೆತರಬಹುದು. ಯರವ ಭಾಷೆ ಬಲ್ಲವರು ಮೈಸೂರಿನ ಕೋರ್ಟಿನ ಸುತ್ತ ಎಲ್ಲಿ ಸಿಗುತ್ತಾರೆ?

ಕೊಡಗಿನಿಂದ ಬರುವ ಕೇಸುಗಳೇ ಕಡಿಮೆ, ಅಷ್ಟಕ್ಕೆ ಕೋರ್ಟು ಅಲ್ಲಿಗೆ ಹೋಗಬೇಕಾ ಅನ್ನುತ್ತೀರಿ. ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದಿ ಅನ್ನುವುದೇ ನನ್ನ ಉತ್ತರ.

ಹಣ ಇಲ್ಲ ಅಂದರೆ ಒಂದು ಹೋಲಿಕೆ ನೋಡಿ. ಅಂಗಡಿಯಲ್ಲಿ ಕೊಂಡ ಮಿಕ್ಸಿ ಕೆಟ್ಟರೆ ನಾನು ದೂರು ಕೊಡಲು ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಲಾರಿ ಗುದ್ದಿ ಕಾಲು ಮುರಿದರೆ ಪರಿಹಾರ ಕೇಳಲು ಅಪಘಾತ ಪರಿಹಾರದ ನ್ಯಾಯಮಂಡಳಿ ಜಿಲ್ಲೆಯಲ್ಲೇ ಇದೆ. ಮೂವತ್ತು ವರ್ಷದ ಕೆಲಸ ಹೋದರೆ ಮಾತ್ರ ಮೈಸೂರು. ಮಿಕ್ಸಿಗೆ ಸಿಕ್ಕ ಮರ್ಯಾದೆ ಆ ಕೆಲಸಕ್ಕೂ ಸಿಗಲಿ.

ಎರಡು ದಿನ ಬಂದರೆ ಏನೆಲ್ಲ ಬೇಕು ಅಂತಲೂ ಯೋಚಿಸಿದ್ದೇನೆ. ಒಂದು ಕೋಣೆ ಬೇಕು. ಮಡಿಕೇರಿಯ ಕೋರ್ಟು ಕಟ್ಟಡದಲ್ಲೋ ಜಿಲ್ಲಾಡಳಿತದ ಕಟ್ಟಡದಲ್ಲೋ ಅದು ಸಿಗದೆ ಇರುವುದಿಲ್ಲ. ಒಬ್ಬ ಗುಮಾಸ್ತ, ಕಡತ ತರಲು ಒಂದು ಜೀಪು. ಭಾಷಾಂತರಕ್ಕೆ ಸಿಗುವವರ ಒಂದು ಪಟ್ಟಿ. ಕಾನೂನು ಸೇವೆಗಳ ಪ್ರಾಧಿಕಾರದ ಒಬ್ಬ ವಕೀಲರು ಆ ಎರಡು ದಿನ ಅಲ್ಲೇ ಕೂತಿರಬೇಕು. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ ಕಾನೂನು ನೆರವು ಸಿಗಬೇಕು. ಲೈನ್ ಮನೆಯ ಒಬ್ಬ ಯರವ ಹೆಂಗಸು ಈ ಮೂರೂ ಲೆಕ್ಕದಲ್ಲಿ ಬರುತ್ತಾಳೆ. ಅವಳಿಗೆ ಈ ವಿಷಯ ಯಾರೂ ಹೇಳಿಲ್ಲ, ಅಷ್ಟೇ. (ಓದುವವರಲ್ಲಿ ಯಾರಿಗಾದರೂ ಬೇಕಾದರೆ, ಉಚಿತ ಕಾನೂನು ನೆರವಿನ ಫೋನ್ ನಂಬರ್ 15100.)

ಇನ್ನೆರಡು ಸಣ್ಣ ಮಾತು. ಮೊದಲ ವಿಚಾರಣೆಯಲ್ಲೇ ಚೆಕ್‌ರೋಲ್ ಹಾಜರುಪಡಿಸಲು ಮಂಡಳಿ ಆದೇಶ ಮಾಡುವ ಪದ್ಧತಿ ಬರಲಿ. ಆರು ತಿಂಗಳು ಬಿಟ್ಟು ಕೇಳಿದರೆ "ಮಳೆಯಲ್ಲಿ ನೆನೆದು ಹೋಯಿತು" ಅನ್ನುತ್ತಾರೆ. 2018ರ ಭೂಕುಸಿತದಲ್ಲಿ ಎಷ್ಟೋ ಮನೆಗಳ ಕಾಗದ ನಿಜವಾಗಿಯೂ ಮಣ್ಣಾಯಿತು. ಅದಾದ ಮೇಲೆ ಈ ಮಾತನ್ನು ಸುಳ್ಳು ಅನ್ನಲೂ ಆಗುವುದಿಲ್ಲ. ಎರಡನೆಯದು, ಕೇಸು ಮುಗಿಯುವವರೆಗೆ ಲೈನ್ ಮನೆ ಖಾಲಿ ಮಾಡಿಸಬಾರದು ಅಂತ ಮಧ್ಯಂತರ ಆದೇಶ ಕೇಳಿದರೆ ಅದನ್ನು ಅದೇ ದಿನ ಕೇಳಬೇಕು. ಮನೆ ಖಾಲಿಯಾದ ಮೇಲೆ ಸಿಗುವ ಆದೇಶವನ್ನು ಅಂಟಿಸಲು ಬಾಗಿಲೇ ಇರುವುದಿಲ್ಲ.

ದಿನಗಳ ಬಗ್ಗೆ. ಸಂತೆಯ ದಿನ ಇಟ್ಟುಕೊಳ್ಳಬೇಡಿ, ಆವತ್ತು ವಾರದ ಕೂಲಿ ಬಟವಾಡೆ, ಸಾಮಾನು, ಎಲ್ಲ ಇರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕುಯ್ಲು, ಆಗ ಒಂದು ದಿನದ ಕೂಲಿ ಬೇರೆ ದಿನಗಳ ಎರಡಕ್ಕೆ ಸಮ ಬೀಳುವುದೂ ಉಂಟು. ಆ ಮೂರು ತಿಂಗಳು ಸಾಕ್ಷಿ ವಿಚಾರಣೆ ಕಡಿಮೆ ಇರಲಿ. ಜುಲೈ, ಆಗಸ್ಟಿನಲ್ಲಿ ರಸ್ತೆ ಯಾವಾಗ ಮುಚ್ಚುತ್ತದೆ ಹೇಳಲಾಗದು. ಆಗ ಬೇಕಾದರೆ ಮಂಡಳಿಯವರು ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಕೂರಬಹುದು, ಬೆಟ್ಟ ಹತ್ತುವ ಕಷ್ಟ ಅವರಿಗೂ ತಪ್ಪುತ್ತದೆ.

ಈ ಪತ್ರದ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ, ನಮ್ಮ ಇಬ್ಬರು ಶಾಸಕರಿಗೂ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೂ ಕಳಿಸುತ್ತಿದ್ದೇನೆ. 'ಪರಿಶೀಲಿಸಲಾಗುವುದು' ಅನ್ನುವ ಉತ್ತರ ಬೇಡ, ಅದನ್ನು ನಾನೇ ಎಷ್ಟೋ ಸಲ ಟೈಪ್ ಮಾಡಿಕೊಟ್ಟಿದ್ದೇನೆ. ಆಗುವುದಿಲ್ಲ ಅಂತಾದರೆ ಯಾಕೆ ಅಂತ ಬರೆಯಿರಿ. ಆಗುತ್ತದೆ ಅಂತಾದರೆ ಯಾವ ತಿಂಗಳಿಂದ ಅಂತ ತಿಳಿಸಿ, ನನ್ನ ಅಂಗಡಿಯ ಬಾಗಿಲಿಗೆ ಅಂಟಿಸುತ್ತೇನೆ.

ಇಂತಿ,
ಸಿದ್ದಾಪುರದ ಕಡೆಯ ಒಬ್ಬ ಅರ್ಜಿ ಬರೆಯುವವಳು